ಸಂಸೆಯಿಂದ ಕುದುರೆಮುಖ ಚಾರಣ

ಕುದುರೆಮುಖ ಚಾರಣವು ಕರ್ನಾಟಕದ ಚಿಕ್ಕಮಗಳೂರು ಜಿಲ್ಲೆಯ ಕಳಸ ತಾಲ್ಲೂಕಿನ ಸಂಸೆ ಗ್ರಾಮದ ಕಡೆಯಿಂದ ಕುದುರೆಮುಖ ಶಿಖರಕ್ಕೆ ಕೈಗೊಳ್ಳುವ ಕಾಲ್ನಡಿಗೆಯ ಪ್ರವಾಸ. ಶಿಖರದ ಎತ್ತರ ಸಮುದ್ರ ಮಟ್ಟದಿಂದ ಸುಮಾರು 1,894 ಮೀಟರ್. ಒಂದು ಬದಿಯಿಂದ ನೋಡಿದಾಗ ಬೆಟ್ಟವು ಕುದುರೆಯ ಮುಖದಂತೆ ಕಾಣುವುದರಿಂದ ಈ ಹೆಸರು ಬಂದಿದೆ. ಸಂಸೆಯ ಮೂಲಕವೇ ಅದನ್ನು ತಲುಪುತ್ತಿದ್ದುದರಿಂದ ಹಿಂದೆ ಇದಕ್ಕೆ ಸಂಸೆ ಪರ್ವತ ಎಂಬ ಹೆಸರೂ ಇತ್ತು. ಶಾಲಾ ಕಾಲೇಜುಗಳ ಬೇಸಿಗೆ ರಜೆಯಲ್ಲಿ ಇಲ್ಲಿಗೆ ಬರಬಯಸುವವರು ಅನೇಕರು. ಆದರೆ ಕಾಳ್ಗಿಚ್ಚಿನ ಅಪಾಯದಿಂದಾಗಿ ಚಾರಣಕ್ಕೆ ನಿರ್ಬಂಧ ಬೀಳುವುದೂ ಇದೇ ಅವಧಿಯಲ್ಲಿ.

ಸ್ಥಳ ಮತ್ತು ಹಿನ್ನೆಲೆ

ಸಂಸೆ ಗ್ರಾಮವು ಕಳಸದಿಂದ ಕುದುರೆಮುಖದ ಮೂಲಕ ಕಾರ್ಕಳಕ್ಕೆ ಹೋಗುವ ರಸ್ತೆಯಲ್ಲಿದೆ. ಹೊಸ ತಾಲ್ಲೂಕು ರಚನೆಯಾಗುವ ಮೊದಲು ಇದು ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು. ಸುತ್ತಲೂ ಕಾಫಿ, ಅಡಿಕೆ, ಕಾಳುಮೆಣಸಿನ ತೋಟಗಳೂ ಚಹಾ ತೋಟವೂ ಇವೆ. ಶಿಖರವು ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿದೆ. 1987ರಲ್ಲಿ ಘೋಷಿತವಾದ ಈ ಉದ್ಯಾನದ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಇದೂ ಒಂದು. ಹುಲಿ, ಚಿರತೆ, ಕಾಟಿ, ಕಡವೆ ಮತ್ತು ಅಳಿವಿನಂಚಿನ ಸಿಂಗಳೀಕಗಳಿಗೆ ಇದು ನೆಲೆ. ತುಂಗಾ ಮತ್ತು ಭದ್ರಾ ನದಿಗಳ ಉಗಮಸ್ಥಾನವಾದ ಗಂಗಾಮೂಲವೂ ಇದೇ ಬೆಟ್ಟಸಾಲಿನಲ್ಲಿದೆ. ಇಲ್ಲಿ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ನಿಂತಿತು.

ಮಾರ್ಗ

ಸಂಸೆಯ ಸಮೀಪದಿಂದ ಮುಳ್ಳೋಡಿಯವರೆಗೆ ಕಡಿದಾದ ಕಚ್ಚಾ ರಸ್ತೆಯಿದ್ದು, ಸ್ಥಳೀಯ ಜೀಪುಗಳು ಸಂಚರಿಸುತ್ತವೆ. ಮುಳ್ಳೋಡಿಯಿಂದ ನಡಿಗೆ ಆರಂಭವಾಗುತ್ತದೆ. ದಾರಿಯು ಹಳ್ಳಗಳನ್ನು ದಾಟಿ, ಒಂಟಿಮರವೆಂಬ ಗುರುತಿನ ಸ್ಥಳವನ್ನು ಹಾದು, ಹುಲ್ಲುಗಾವಲಿನ ಏಣುಗಳ ಮೇಲೆ ಸಾಗಿ ಶಿಖರವನ್ನು ಸೇರುತ್ತದೆ. ಹೋಗಿಬರುವ ದೂರ ಸುಮಾರು 20 ಕಿಲೋಮೀಟರ್. ಸಾಧಾರಣ ದೇಹಶಕ್ತಿಯುಳ್ಳವರಿಗೆ ಎಂಟರಿಂದ ಹತ್ತು ಗಂಟೆ ಬೇಕಾಗುತ್ತದೆ. ಉದ್ಯಾನದೊಳಗೆ ರಾತ್ರಿ ಡೇರೆ ಹಾಕಿ ತಂಗಲು ಅವಕಾಶವಿಲ್ಲದ ಕಾರಣ ಮುಂಜಾನೆ ಹೊರಟು ಸಂಜೆಯೊಳಗೆ ಮರಳಬೇಕು. ವಾಸ್ತವ್ಯಕ್ಕೆ ಸಂಸೆ, ಕಳಸ ಹಾಗೂ ಮುಳ್ಳೋಡಿಯ ಆಸುಪಾಸಿನ ಹೋಂಸ್ಟೇಗಳು ಬಳಕೆಯಲ್ಲಿವೆ.

ಬೇಸಿಗೆಯ ನಿರ್ಬಂಧ

ಕುದುರೆಮುಖದ ಬೆಟ್ಟಗಳಲ್ಲಿ ಏಣುಗಳ ಮೇಲೆ ಹುಲ್ಲು, ಕಣಿವೆಗಳಲ್ಲಿ ಶೋಲಾ ಕಾಡು ಬೆಳೆದಿವೆ. ಮಳೆಗಾಲದಲ್ಲಿ ಎದೆಯೆತ್ತರ ಬೆಳೆದ ಹುಲ್ಲು ಫೆಬ್ರವರಿಯ ಹೊತ್ತಿಗೆ ಒಣಗಿ ನಿಲ್ಲುತ್ತದೆ. ಒಂದು ಬೀಡಿಯ ಕಿಡಿಯೂ ಬೆಂಕಿ ಹೊತ್ತಿಸಲು ಸಾಕು. ಇಳಿಜಾರಿನಲ್ಲಿ ಬೆಂಕಿಯು ಕೆಳಗಿನಿಂದ ಮೇಲಕ್ಕೆ ಬಹು ವೇಗವಾಗಿ ಹಬ್ಬುವುದರಿಂದ ಏಣಿನ ಮೇಲಿರುವವರಿಗೆ ಓಡಿ ಪಾರಾಗುವುದು ಕಷ್ಟ. ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿಯಲ್ಲಿ 2018ರ ಮಾರ್ಚ್ 11ರಂದು ಕಾಳ್ಗಿಚ್ಚಿಗೆ ಸಿಲುಕಿ 20ಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. ಈ ಕಾರಣಗಳಿಂದ ಇತ್ತೀಚಿನ ವರ್ಷಗಳಲ್ಲಿ ಅರಣ್ಯ ಇಲಾಖೆಯು ಬಿಸಿಲು ಬಲಿತ ತಿಂಗಳುಗಳಲ್ಲಿ ಇಲ್ಲಿನ ಚಾರಣವನ್ನು ನಿಲ್ಲಿಸುತ್ತ ಬಂದಿದೆ. ಆರಂಭದ ಮತ್ತು ಮುಕ್ತಾಯದ ದಿನಾಂಕಗಳು ಆಯಾ ವರ್ಷದ ಮಳೆಯನ್ನು ಅವಲಂಬಿಸಿ ಬದಲಾಗುತ್ತವೆ. ಆದ್ದರಿಂದ ಇಲಾಖೆಯ ಪ್ರಕಟಣೆಯನ್ನು ನೋಡಿದ ನಂತರವೇ ವಾಹನ ಮತ್ತು ವಸತಿಗೆ ಮುಂಗಡ ನೀಡುವುದು ಕ್ಷೇಮ.

ಅನುಮತಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನಕ್ಕೆ ಅನುಮತಿಯಿಲ್ಲದೆ ಪ್ರವೇಶಿಸುವುದೂ ಅಲ್ಲಿ ಬೆಂಕಿ ಹಚ್ಚುವುದೂ ಅಪರಾಧ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಜನ ಒಮ್ಮೆಲೇ ಸೇರಿದ ಬಳಿಕ ರಾಜ್ಯದ ಚಾರಣ ಮಾರ್ಗಗಳಿಗೆ ಆನ್‌ಲೈನ್ ನೋಂದಣಿಯನ್ನು ಕಡ್ಡಾಯಗೊಳಿಸಲಾಯಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. ದಿನವೊಂದಕ್ಕೆ ಇಂತಿಷ್ಟೇ ಜನರೆಂಬ ಮಿತಿಯಿದೆ. ಗುರುತಿನ ಚೀಟಿ ತರುವುದು ಮತ್ತು ಮಾರ್ಗದರ್ಶಿಯೊಂದಿಗೆ ಹೋಗುವುದು ಅಗತ್ಯ.

ಸಿದ್ಧತೆ ಮತ್ತು ಆರೋಗ್ಯ

ಏಣುಗಳಲ್ಲಿ ನೆರಳು ಕಡಿಮೆ. ಬಿಸಿಲು ಹೆಚ್ಚಿದಾಗ ದಾರಿಯ ಹಳ್ಳಗಳಲ್ಲಿ ನೀರೂ ಇಳಿಯುತ್ತದೆ. ಹಾಗಾಗಿ ಒಬ್ಬರಿಗೆ ಕನಿಷ್ಠ ಎರಡು ಮೂರು ಲೀಟರ್ ನೀರು, ಟೋಪಿ, ಹಿಡಿತವುಳ್ಳ ಬೂಟು, ಬುತ್ತಿ ಮತ್ತು ಪ್ರಥಮ ಚಿಕಿತ್ಸೆಯ ಸಾಮಗ್ರಿ ಬೇಕು. ಮೊಬೈಲ್ ಸಂಪರ್ಕ ಹಲವೆಡೆ ಸಿಗದ ಕಾರಣ, ಮರಳುವ ಸಮಯವನ್ನು ಹೊರಡುವ ಮೊದಲೇ ವಸತಿಗೃಹದಲ್ಲಿ ತಿಳಿಸಿರಬೇಕು. ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲಿನ ಮಳೆ ಸಾಮಾನ್ಯ. ಅಂಥ ವೇಳೆ ಬೋಳು ಏಣಿನ ಮೇಲಾಗಲಿ ಒಂಟಿ ಮರದ ಕೆಳಗಾಗಲಿ ನಿಲ್ಲಬಾರದು.

ಮಲೆನಾಡಿನಲ್ಲಿ ಬೇಸಿಗೆಯು ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಈ ಜ್ವರವು ಉಣುಗುಗಳ ಕಡಿತದಿಂದ ಹರಡುತ್ತದೆ. ಮೈತುಂಬ ಬಟ್ಟೆ ಧರಿಸುವುದು, ಉಣುಗು ನಿವಾರಕ ತೈಲ ಹಚ್ಚುವುದು, ಸತ್ತ ಮಂಗ ಕಂಡಲ್ಲಿ ಸುಳಿಯದೆ ಆರೋಗ್ಯ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸುವುದು ಮುಖ್ಯ. ಕಾಡಿನಿಂದ ಮರಳಿದ ಒಂದೆರಡು ವಾರಗಳಲ್ಲಿ ಜ್ವರ, ತಲೆನೋವು, ಮೈಕೈ ನೋವು ಕಂಡುಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಹೇಳಬೇಕು.

ಪರ್ಯಾಯ ಪ್ರವಾಸ

ಶಿಖರದ ದಾರಿ ಮುಚ್ಚಿರುವಾಗಲೂ ಸಂಸೆಯನ್ನು ಕೇಂದ್ರವಾಗಿಟ್ಟುಕೊಂಡು ಎರಡು ಮೂರು ದಿನಗಳ ಪ್ರವಾಸ ಯೋಜಿಸಬಹುದು. ಕಳಸದ ಕಳಸೇಶ್ವರ ದೇವಾಲಯ, ಹೊರನಾಡಿನ ಅನ್ನಪೂರ್ಣೇಶ್ವರಿ ದೇವಾಲಯ, ಹೊರನಾಡಿನ ಸಮೀಪದ ಕ್ಯಾತನಮಕ್ಕಿ ಗುಡ್ಡ ಹಾಗೂ ಕಾರ್ಕಳ ರಸ್ತೆಯ ಹನುಮನಗುಂಡಿ ಜಲಪಾತ ಇವುಗಳಲ್ಲಿ ಪ್ರಮುಖವಾದವು. ಗುಡ್ಡ ಮತ್ತು ಜಲಪಾತಗಳಿಗೆ ಆ ದಿನ ಪ್ರವೇಶವಿದೆಯೇ ಎಂದು ಮೊದಲೇ ವಿಚಾರಿಸಬೇಕು. ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ಕಾಫಿ ಗಿಡಗಳು ಬೆಳ್ಳಗೆ ಅರಳುವುದನ್ನು ಈ ಋತುವಿನಲ್ಲಿ ಮಾತ್ರ ನೋಡಲು ಸಾಧ್ಯ. ತೋಟಗಳು ಖಾಸಗಿ ಆಸ್ತಿಯಾದ್ದರಿಂದ ಮಾಲೀಕರ ಒಪ್ಪಿಗೆ ಪಡೆದೇ ಒಳಹೋಗಬೇಕು. ಶಿಖರ ಏರಲೇಬೇಕೆನ್ನುವವರಿಗೆ ಮಳೆಗಾಲ ಮುಗಿದ ಮೇಲೆ ಅಕ್ಟೋಬರ್‌ನಿಂದ ಜನವರಿಯವರೆಗಿನ ಅವಧಿ ಹೆಚ್ಚು ಅನುಕೂಲಕರ.

ಸ್ಥಳೀಯರು ಮತ್ತು ಪರಿಸರ

ಜೀಪು ಚಾಲನೆ, ಮಾರ್ಗದರ್ಶನ, ಊಟ ಮತ್ತು ವಸತಿ ಸೇವೆಗಳಿಂದ ಸಂಸೆ ಭಾಗದ ಹಲವು ಕುಟುಂಬಗಳಿಗೆ ಆದಾಯ ದೊರೆಯುತ್ತದೆ. ಚಾರಣ ನಿಂತಾಗ ಆ ಆದಾಯವೂ ಕಡಿಮೆಯಾಗುತ್ತದೆ. ಇನ್ನೊಂದೆಡೆ, ಬೆಂಕಿ ಬಿದ್ದರೆ ಅದನ್ನು ನಂದಿಸಲು ಮೊದಲು ಓಡುವವರು ಅರಣ್ಯ ಸಿಬ್ಬಂದಿ ಮತ್ತು ಇದೇ ಊರಿನ ಜನ. ಹುಲ್ಲುಗಾವಲು ಮತ್ತು ಶೋಲಾ ಕಾಡುಗಳು ಮಳೆನೀರನ್ನು ಹಿಡಿದಿಟ್ಟು ವರ್ಷವಿಡೀ ಹಳ್ಳಗಳಿಗೆ ಬಿಡುತ್ತವೆ. ಶೋಲಾ ಮರಗಳು ಸುಟ್ಟರೆ ಮತ್ತೆ ಬೆಳೆಯಲು ದಶಕಗಳೇ ಬೇಕು. ಅಲ್ಲಿಯವರೆಗೆ ಕೆಳಗಿನ ತೋಟ ಮತ್ತು ಊರುಗಳ ನೀರಿಗೂ ಧಕ್ಕೆಯಾಗುತ್ತದೆ.