ನಮ್ಮೋರ್ ಯಾರಾರೂ ಅಲ್ಲಿದ್ರಾ?

ಕುಂದಾಪುರ, ಬೈಂದೂರು, ಬ್ರಹ್ಮಾವರ ಬದಿಯಲ್ಲಿ ದೂರ ದೇಶದ ದುರಂತದ ಸುದ್ದಿ ಬಂದ ಕೂಡಲೇ ಮೊದಲು ಕೇಳುವ ಪ್ರಶ್ನೆ ಒಂದೇ: ‘ನಮ್ಮೋರ್ ಯಾರಾರೂ ಅಲ್ಲಿದ್ರಾ?’ ಎಷ್ಟು ಜನ ಸತ್ತರು, ಯಾಕಾಯಿತು ಅನ್ನೋದೆಲ್ಲ ಆಮೇಲಿನ ಮಾತು.

ಇದನ್ನು ಸ್ವಾರ್ಥ ಅಂತ ಹೇಳಬೇಡಿ ಮಾರಾಯ್ರೆ. ಮನೆಗೊಬ್ಬರನ್ನು ಹೊರಗೆ ಕಳಿಸಿ ಬದುಕಿದ ಊರುಗಳಿವು. ಒಂದು ಕಾಲದಲ್ಲಿ ಮುಂಬೈ ಹೋಟೆಲುಗಳಲ್ಲಿ ಲೋಟ ತೊಳೆಯಲು ಹೋದ ಹುಡುಗರು, ಆಮೇಲೆ ದುಬೈ, ಮಸ್ಕತ್, ಕತಾರಿಗೆ ಹೋದವರು, ಈಗ ಲ್ಯಾಪ್‌ಟಾಪ್ ಹಿಡಿದು ಎಲ್ಲೆಲ್ಲಿಗೋ ಹೋದವರು. ಭೂಪಟದಲ್ಲಿ ಒಂದು ಊರು ನಮಗೆ ಗೊತ್ತಾಗುವುದೇ ಅಲ್ಲಿ ಯಾರ ಮಗ ಇದ್ದಾನೆ ಅನ್ನುವುದರಿಂದ. ಹಾಗಾಗಿ ಪ್ರಶ್ನೆ ತಪ್ಪಲ್ಲ. ಆದರೆ ಆ ಪ್ರಶ್ನೆಗೆ ‘ಇಲ್ಲ, ಯಾರೂ ಇಲ್ಲ’ ಅಥವಾ ‘ಇದ್ರ್, ಹುಷಾರಿದ್ರ್’ ಅಂತ ಉತ್ತರ ಸಿಕ್ಕ ಮರುಗಳಿಗೆ ನಾವು ಏನು ಮಾಡುತ್ತೇವೆ? ಇದಕ್ಕೊಂದು ಚರಿತ್ರೆ ಇದೆ.

1945ರಿಂದ ಶುರು ಮಾಡುವ. ಆ ವರ್ಷದ ನವೆಂಬರ್ 28ರ ನಸುಕಿನಲ್ಲಿ ಮಕ್ರಾನ್ ಕರಾವಳಿಯ ಸಮುದ್ರದಡಿ ಭೂಮಿ ಬಿರಿಯಿತು. ಮಕ್ರಾನ್ ಅಂದರೆ ಇವತ್ತಿನ ಪಾಕಿಸ್ತಾನದ ಬಲೂಚಿಸ್ತಾನ ಮತ್ತು ಇರಾನಿನ ತೀರ. ತೀವ್ರತೆ 8.1. ಪಸ್ನಿ ಎಂಬ ಮೀನುಗಾರರ ಊರು ಕಡಲಿಗೆ ಬಲಿಯಾಯಿತು. ಬೆಳಗ್ಗೆ ಹೊತ್ತೇರುವಷ್ಟರಲ್ಲಿ ಅಲೆ ಮುಂಬೈ ತಲುಪಿತ್ತು, ಸುಮಾರು 2 ಮೀಟರ್ ಎತ್ತರ; ಅಲ್ಲೂ ಜೀವಗಳು ಹೋದವು. ಇನ್ನೂ ದಕ್ಷಿಣಕ್ಕೆ, ನಮ್ಮ ಕಾರವಾರದವರೆಗೂ ಅದರ ಪರಿಣಾಮ ಕಂಡಿತ್ತು ಅಂತ ದಾಖಲೆ ಇದೆ.

ಕಾರವಾರ! ನಮ್ಮಿಂದ ಎಷ್ಟು ದೂರ ಹೇಳಿ? ಆದರೆ ಆಗ ಅದು ಬೇರೆ ರಾಜ್ಯ ಇದ್ದ ಹಾಗೆ. 1862ರಲ್ಲಿ ಉತ್ತರ ಕನ್ನಡವನ್ನು ಬ್ರಿಟಿಷರು ಬಾಂಬೆ ಪ್ರೆಸಿಡೆನ್ಸಿಗೆ ಕೊಟ್ಟರು, ಕುಂದಾಪುರ ಮದ್ರಾಸ್ ಪ್ರೆಸಿಡೆನ್ಸಿಯಲ್ಲೇ ಉಳಿಯಿತು. ಶಿರೂರು ದಾಟಿದರೆ ಕಲೆಕ್ಟರ್ ಬೇರೆ, ಕಚೇರಿ ಬೇರೆ, ಕಡತ ಬೇರೆ. ಕಡಲಿಗೆ ಮಾತ್ರ ಪ್ರೆಸಿಡೆನ್ಸಿ ಗೊತ್ತಿರಲಿಲ್ಲ. ಕಾರವಾರದವರೆಗೆ ಬಂದ ನೀರು ಶಿರೂರಿನ ಗಡಿಕಲ್ಲು ಕಂಡು ವಾಪಸ್ ಹೋಗಿರಲಿಕ್ಕಿಲ್ಲ.

ಮಹಾಯುದ್ಧ ಮುಗಿದು ಮೂರು ತಿಂಗಳೂ ಆಗಿರಲಿಲ್ಲ. ಅಕ್ಕಿಗೆ ರೇಷನ್ನು. ದಿಲ್ಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ ನಡೆಯುತ್ತಿತ್ತು, ದೇಶದ ಕಣ್ಣೆಲ್ಲ ಅತ್ತ. ನಾನು ಗಂಗೊಳ್ಳಿ, ಉಪ್ಪುಂದ, ಕೋಡಿ ಬದಿಯ ಎಷ್ಟೋ ಹಿರಿಯರ ಹತ್ತಿರ ಈ 1945ರ ಬಗ್ಗೆ ಕೇಳಿದ್ದೇನೆ. ತೂಫಾನಿನ ಕಥೆ ಹೇಳುತ್ತಾರೆ, ದೋಣಿ ಮಗುಚಿದ ಕಥೆ ಹೇಳುತ್ತಾರೆ, ಯಾವ ವರ್ಷ ಅಳಿವೆ ಬಾಯಿ ಎತ್ತ ಸರಿಯಿತು ಅಂತ ಹೇಳುತ್ತಾರೆ. ಆ ಅಲೆಯ ಬಗ್ಗೆ ಒಬ್ಬರೂ ಒಂದು ಮಾತು ಹೇಳಿದವರಿಲ್ಲ. ಅದಕ್ಕೊಂದು ಹೆಸರೇ ನಮ್ಮಲ್ಲಿ ಉಳಿಯಲಿಲ್ಲ.

ಹೆಸರು ಸಿಕ್ಕಿದ್ದು 59 ವರ್ಷ ಕಳೆದ ಮೇಲೆ, ಅದೂ ಜಪಾನಿ ಭಾಷೆಯಿಂದ.

2004ರ ಡಿಸೆಂಬರ್ 26, ಆದಿತ್ಯವಾರ. ಬೆಳಗ್ಗೆ ಆರೂವರೆ ಸುಮಾರಿಗೆ ಇಂಡೋನೇಷ್ಯಾದ ಸುಮಾತ್ರಾ ಹತ್ತಿರ ಕಡಲಡಿ ಭೂಕಂಪ. ಎರಡೂವರೆ ಗಂಟೆ ಕಳೆಯುವಷ್ಟರಲ್ಲಿ ಚೆನ್ನೈ ಮರೀನಾದಲ್ಲಿ ನೀರು. ನಮ್ಮಲ್ಲಿ ಹೆಚ್ಚಿನವರಿಗೆ ಸುದ್ದಿ ಗೊತ್ತಾದದ್ದು ಬೆಳಗ್ಗಿನ ತಿಂಡಿ ಮುಗಿಸಿ ಟಿವಿ ಹಾಕಿದಾಗ. ಪರದೆ ಕೆಳಗೆ ಓಡುವ ಅಕ್ಷರಗಳಲ್ಲಿ ‘ಸುನಾಮಿ’ ಅಂತ ಕಂಡಾಗ ಅದನ್ನು ಹೇಗೆ ಉಚ್ಚರಿಸುವುದು ಅಂತಲೂ ಗೊತ್ತಿರಲಿಲ್ಲ. ‘ತ್ಸುನಾಮಿ’ ಅಂದವರಿದ್ದರು, ‘ಟ್ಸುನಾಮಿ’ ಅಂದವರಿದ್ದರು. ಯಾರೋ ಹೆಂಗಸಿನ ಹೆಸರು ಅಂದುಕೊಂಡವರೂ ಇದ್ದರು. ಜಪಾನಿಯಲ್ಲಿ ಅದರ ಅರ್ಥ ‘ಬಂದರಿನ ಅಲೆ’. ನಡುಕಡಲಲ್ಲಿ ದೋಣಿಯವರಿಗೆ ಗೊತ್ತೇ ಆಗದೆ ದಾಟಿ ಹೋಗಿ, ಬಂದರಿಗೆ ಬಂದು ಎದ್ದು ನಿಲ್ಲುವ ಅಲೆ.

ಲೆಕ್ಕ ದಿನದಿನಕ್ಕೆ ಬೆಳೆಯಿತು. ಕೊನೆಗೆ 14 ದೇಶಗಳಲ್ಲಿ 2 ಲಕ್ಷ 20 ಸಾವಿರಕ್ಕೂ ಹೆಚ್ಚು ಜನ. ನಮ್ಮ ದೇಶದಲ್ಲೇ 10 ಸಾವಿರ ದಾಟಿತು. ಆ ವಾರ ನಮ್ಮ ಊರುಗಳು ಮಾಡಿದ್ದೇನು ಅಂತ ನೆನಪಿಸಿಕೊಂಡರೆ ನನಗೆ ಮೂರು ಸಂಗತಿ ಕಾಣುತ್ತವೆ.

ಮೊದಲನೆಯದು, ಕರಗಿದ್ದು. ಅಂಗಡಿ ಮುಂಗಟ್ಟೆಯಲ್ಲಿ ಡಬ್ಬಿ ಇಟ್ಟು ಹಣ ಕೂಡಿಸಿದರು, ಶಾಲೆ ಮಕ್ಕಳು ಐದು ಹತ್ತು ರೂಪಾಯಿ ತಂದರು. ಮನೆಮನೆಯಿಂದ ಹಳೆ ಬಟ್ಟೆಯ ಗಂಟು. ದೇಶದ ಎಲ್ಲ ಕಡೆಯಿಂದ ಹೀಗೆ ಹೋದ ಹಳೆ ಬಟ್ಟೆ ನಾಗಪಟ್ಟಿಣದ ರಸ್ತೆ ಬದಿಯಲ್ಲಿ ರಾಶಿ ಬಿದ್ದದ್ದನ್ನು ಆಮೇಲೆ ಪತ್ರಿಕೆಯಲ್ಲಿ ಓದಿದೆವು. ಮನೆ ಕಳಕೊಂಡ ಮೀನುಗಾರರಿಗೂ ಒಂದು ಮರ್ಯಾದೆ ಇರುತ್ತದೆ, ಹರಿದ ಅಂಗಿ ಅವರಿಗೂ ಬೇಡ.

ಎರಡನೆಯದು, ಹೆದರಿದ್ದು. ಕಡಲ ಮೀನು ಹೆಣ ತಿಂದಿದೆ ಅಂತ ಸುದ್ದಿ ಹಬ್ಬಿ ಕೆಲವು ಮನೆಗಳಲ್ಲಿ ಮೀನು ಬಂದ್. ಬೆಳಗ್ಗೆ ಬುಟ್ಟಿ ಹೊತ್ತು ಬರುವ ಹೆಂಗಸರ ಹತ್ತಿರ ‘ಇದ್ ಯಾವ್ ಕಡಲಿಂದ್?’ ಅಂತ ವಿಚಾರಣೆ. ಬಂಗಾಳ ಕೊಲ್ಲಿಯ ಹೆಣಕ್ಕೂ ನಮ್ಮ ಬಂಗುಡೆಗೂ ಎಲ್ಲಿಯ ಸಂಬಂಧ? ದುರಂತ ನಡೆದದ್ದು ಅಲ್ಲಿ, ಇಲ್ಲಿ ಖಾಲಿಯಾಗದೆ ಉಳಿದದ್ದು ಮೀನಿನ ಬುಟ್ಟಿ.

ಮೂರನೆಯದು, ಕಡಲು ಕಾಣಲು ಹೋದದ್ದು. ಹೌದು, ಹೋದದ್ದು! ಸುನಾಮಿ ಬರುತ್ತದಾ ಅಂತ ಕಾಣಲು ಬೈಕು ಹತ್ತಿ ಬೀಚಿಗೆ. ‘ಕಡಲ್ ಹಿಂದ್ ಹೋಯ್ತಂಬ್ರ್, ಕಾಂಬ ಬಾ’ ಅಂತ ಕರೆದವರನ್ನು ನಾನು ಕಂಡಿದ್ದೇನೆ. ನೀರು ಹಿಂದೆ ಸರಿದರೆ ಓಡಬೇಕು ಅನ್ನುವುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ತಮಿಳುನಾಡಿನಲ್ಲಿ, ಥಾಯ್ಲೆಂಡಿನಲ್ಲಿ ಹಾಗೆ ಬರಿದಾದ ಮರಳಿನಲ್ಲಿ ಮೀನು ಹೆಕ್ಕಲು ಇಳಿದವರು ವಾಪಸ್ ಬರಲಿಲ್ಲ.

ಡಿಸೆಂಬರ್ 30ಕ್ಕೆ ಇನ್ನೊಂದು ಅಧ್ಯಾಯ. ಮತ್ತೊಂದು ಸುನಾಮಿ ಬರಬಹುದು ಅಂತ ಕೇಂದ್ರ ಗೃಹ ಇಲಾಖೆಯಿಂದ ಎಚ್ಚರಿಕೆ ಹೊರಟಿತು. ತಮಿಳುನಾಡು, ಕೇರಳದ ಕರಾವಳಿಯಲ್ಲಿ ಜನ ಎದ್ದೆನೋ ಬಿದ್ದೆನೋ ಅಂತ ಓಡಿದರು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಆ ಎಚ್ಚರಿಕೆಗೆ ಬುಡವೇ ಇಲ್ಲ ಅಂತ ಸರಕಾರವೇ ಹೇಳಿತು. ನನ್ನ ಪ್ರಕಾರ ನಮ್ಮ ಬದಿಗೆ ನಿಜವಾದ ಸುನಾಮಿಗಿಂತ ಈ ಬಾರದ ಸುನಾಮಿಯೇ ಹೆಚ್ಚು ಪೆಟ್ಟು ಕೊಟ್ಟಿತು. ಯಾಕಂದರೆ ಆ ದಿನದಿಂದ ಅದೊಂದು ತಮಾಷೆಯಾಯಿತು. ಹೆಚ್ಚು ತಿನ್ನುವವನಿಗೆ ಸುನಾಮಿ, ಶಾಲೆ ಬಿಟ್ಟು ಬರುವ ಮಕ್ಕಳ ಹಿಂಡಿಗೆ ಸುನಾಮಿ, ಚುನಾವಣೆಯಲ್ಲಿ ಗೆದ್ದ ಪಕ್ಷಕ್ಕೆ ಸುನಾಮಿ. ಪದ ಉಳಿಯಿತು, ಪಾಠ ಹೋಯಿತು.

‘ಅದೆಲ್ಲ ಆ ಕಡಲಿಗೆ, ನಮ್ಮ ಕಡಲಿಗಲ್ಲ’ ಅಂತ ಆಗ ಎಷ್ಟು ಜನ ಹೇಳಿದರು! ಕೊಲ್ಲಂ ಜಿಲ್ಲೆಯ ಆಲಪ್ಪಾಡ್ ಇರುವುದು ನಮ್ಮ ಅರಬ್ಬಿ ಕಡಲಿನ ದಡದಲ್ಲೇ. ಅಲೆ ಶ್ರೀಲಂಕಾವನ್ನು ಸುತ್ತಿ, ಕನ್ಯಾಕುಮಾರಿಯ ಮೂಲೆ ತಿರುಗಿ ಅಲ್ಲಿಗೆ ಬಂದು ನೂರಕ್ಕೂ ಹೆಚ್ಚು ಜನರನ್ನು ಕೊಂಡುಹೋಯಿತು. ಆಲಪ್ಪಾಡಿನ ನಕ್ಷೆ ತೆಗೆದು ನೋಡಿ: ಒಂದು ಬದಿ ಕಡಲು, ಇನ್ನೊಂದು ಬದಿ ಹಿನ್ನೀರು, ನಡುವೆ ಪಟ್ಟಿಯಂಥ ನೆಲ. ಎಲ್ಲೋ ಕಂಡ ಹಾಗಿದೆಯಲ್ಲ?

ಆಮೇಲೆ 2007ರ ಜೂನ್. ಗೋನು ಚಂಡಮಾರುತ ನಮ್ಮ ಅರಬ್ಬಿ ಕಡಲಿನಲ್ಲೇ ಹುಟ್ಟಿ, ನಮಗೆ ಬೆನ್ನು ಹಾಕಿ ಒಮಾನಿಗೆ ಹೋಯಿತು. ಅಲ್ಲಿ 50ರಷ್ಟು ಜನ ಸತ್ತರು, ಮಸ್ಕತ್ತಿನ ಬೀದಿಗಳಲ್ಲಿ ಕಾರುಗಳು ತೇಲಿದವು. ಈ ಸಲ ಮೊದಲ ಪ್ರಶ್ನೆಗೆ ಉತ್ತರ ‘ಇದ್ರ್’ ಅಂತಿತ್ತು. ಶಿರೂರು, ಗಂಗೊಳ್ಳಿ, ಬೈಂದೂರಿನ ಎಷ್ಟೋ ಮನೆಗಳಲ್ಲಿ ಎರಡು ದಿನ ಒಲೆ ಹೊತ್ತಿದ್ದರೂ ಊಟ ಇಳಿಯಲಿಲ್ಲ. ಫೋನು ಹತ್ತುತ್ತಿಲ್ಲ, ಹತ್ತಿದರೆ ಕೇಳುತ್ತಿಲ್ಲ. ನಮ್ಮ ಪಕ್ಕದ ಮನೆಯ ಅಮ್ಮ ಮಗನ ದನಿ ಕೇಳಿದ ಮೇಲೆ ಕೇಳಿದ್ದು ಒಂದೇ: ‘ಉಂಡ್ಯಾ ಮಗಾ?’ ಲೋಕದ ಯಾವ ವಾರ್ತಾಸಂಸ್ಥೆಗೂ ಹೊಳೆಯದ ಪ್ರಶ್ನೆ ಅದು. ಮಗ ಉಂಡಿದ್ದ. ಗೋನು ಅಲ್ಲಿಗೆ ಮುಗಿಯಿತು. ಅದು ಇತ್ತ ತಿರುಗಿದ್ದರೆ ಏನಾಗುತ್ತಿತ್ತು ಅಂತ ಯಾರೂ ಕೇಳಲಿಲ್ಲ.

2011ರ ಮಾರ್ಚ್ 11ಕ್ಕೆ ಜಪಾನಿನ ಅಲೆಯನ್ನು ನಾವು ನೇರ ಪ್ರಸಾರದಲ್ಲಿ ನೋಡಿದೆವು. ಕಪ್ಪು ನೀರು ಗದ್ದೆಗಳ ಮೇಲೆ ಮನೆಗಳನ್ನು ಹೊತ್ತು ಹರಿಯುತ್ತಿತ್ತು, ನಾವು ಚಾ ಕುಡಿಯುತ್ತಿದ್ದೆವು. ಫುಕುಶಿಮಾ ಸ್ಥಾವರ ಸಿಡಿದ ಮೇಲೆ ಮಾತ್ರ ನಮ್ಮ ಕರಾವಳಿಯಲ್ಲೊಂದು ಹೊಸ ಪ್ರಶ್ನೆ ಕೇಳಿಬಂತು: ‘ನಮ್ಮ ಕೈಗಾ ಹ್ಯಾಂಗೆ?’ ಅಪರೂಪಕ್ಕೆ ನಾವು ದೂರದ ದುರಂತವನ್ನು ನಮ್ಮ ಅಂಗಳಕ್ಕೆ ತಂದು ಅಳತೆ ಮಾಡಿದ್ದು ಆಗ. ಕೆಲವು ವಾರ ಚರ್ಚೆಯಾಯಿತು, ಮಳೆಗಾಲ ಬಂತು, ತಣ್ಣಗಾಯಿತು.

2015ರ ಏಪ್ರಿಲ್ 25ರ ನೇಪಾಳದ ಭೂಕಂಪಕ್ಕೆ ಕಡಲಿನ ನಂಟಿಲ್ಲ, ಆದರೆ ನಮ್ಮ ನಂಟಿದೆ. ಕಠ್ಮಂಡುವಿನ ಪಶುಪತಿನಾಥನ ಪೂಜೆಗೆ ನಮ್ಮ ಕರಾವಳಿಯ ಭಟ್ಟರು ಹೋಗುವುದು ಹಳೆಯ ಕ್ರಮ. ಹಾಗಾಗಿ ಮೊದಲ ಪ್ರಶ್ನೆಗೆ ಮತ್ತೆ ‘ಇದ್ರ್’. ದೇವಸ್ಥಾನಕ್ಕೆ ದೊಡ್ಡ ಹಾನಿಯಾಗಲಿಲ್ಲ ಅಂತ ತಿಳಿದು ಕೈಮುಗಿದೆವು. ಸುಮಾರು 9 ಸಾವಿರ ಜನ ಸತ್ತಿದ್ದರು. ವಾಟ್ಸಾಪಿನಲ್ಲಿ ಮಾತ್ರ ಆ ಹೊತ್ತಿಗೆ ಚಂದ್ರ ತಲೆಕೆಳಗಾಗಿದ್ದಾನೆ, ಇಷ್ಟು ಗಂಟೆಗೆ ಮತ್ತೆ ಕಂಪಿಸುತ್ತದೆ ಅಂತ ನಾಸಾ ಹೇಳಿದೆ ಅಂತೆಲ್ಲ ಸುದ್ದಿಗಳು. 2004ರ ಮೀನಿನ ಸುದ್ದಿಯ ಮೊಮ್ಮಕ್ಕಳು.

ಈಗ ಸುಮಾತ್ರಾ ಪಕ್ಕದ ಸಿಮೆಯುಲು ಎಂಬ ದ್ವೀಪಕ್ಕೆ ಹೋಗುವ. 2004ರ ಭೂಕಂಪಕ್ಕೆ ಅತ್ಯಂತ ಹತ್ತಿರ ಇದ್ದ ನೆಲಗಳಲ್ಲಿ ಅದೊಂದು. ಕಂಪಿಸಿದ ಕೆಲವೇ ನಿಮಿಷಗಳಲ್ಲಿ ಅಲೆ ಬಂತು. ದ್ವೀಪದಲ್ಲಿದ್ದವರು ಸುಮಾರು 78 ಸಾವಿರ ಜನ. ಸತ್ತವರು 7. ಸೈರನ್ ಇರಲಿಲ್ಲ, ಟಿವಿ ಎಚ್ಚರಿಕೆ ಬಂದಿರಲಿಲ್ಲ. ಅವರ ಹತ್ತಿರ ಇದ್ದದ್ದು ಒಂದು ಪದ, ‘ಸ್ಮಾಂಗ್’. 1907ರಲ್ಲಿ ಹೀಗೆಯೇ ಒಂದು ಅಲೆ ಬಂದು ಜನರನ್ನು ಕೊಂದಿತ್ತು. ಉಳಿದವರು ಅದನ್ನು ಕಥೆ ಮಾಡಿದರು, ಮಕ್ಕಳ ಹಾಡು ಮಾಡಿದರು. ನೆಲ ಜೋರಾಗಿ ಕಂಪಿಸಿದರೆ, ಕಡಲು ಹಿಂದೆ ಸರಿದರೆ, ಸ್ಮಾಂಗ್ ಬರುತ್ತದೆ, ಗುಡ್ಡಕ್ಕೆ ಓಡು. ಅಷ್ಟೇ. 97 ವರ್ಷ ಅಜ್ಜಿಯರ ಬಾಯಲ್ಲಿ ಉಳಿದ ಮಾತು ಒಂದು ಬೆಳಗ್ಗೆ ಇಡೀ ದ್ವೀಪವನ್ನು ಗುಡ್ಡ ಹತ್ತಿಸಿತು.

ಅವರಿಗೆ 1907, ನಮಗೆ 1945. ಅವರ ಅಲೆ ಅವರ ಮನೆಯವರನ್ನೇ ಕೊಂಡುಹೋಗಿತ್ತು, ಅದಕ್ಕೇ ಕಥೆಯಾಯಿತು. ನಮ್ಮದರಲ್ಲಿ ಸತ್ತವರು ಪಸ್ನಿಯವರು, ಮುಂಬೈಯವರು. ನಮ್ಮ ಮೊದಲ ಪ್ರಶ್ನೆಗೆ ‘ಇಲ್ಲ’ ಅಂತ ಉತ್ತರ ಸಿಕ್ಕಿರಬೇಕು, ಕಥೆ ಹುಟ್ಟುವ ಮೊದಲೇ ಮುಗಿಯಿತು.

2004ರ ನಂತರ ಸರಕಾರ ಸುಮ್ಮನೆ ಕೂತಿಲ್ಲ ಅನ್ನುವುದನ್ನೂ ಹೇಳಬೇಕು. 2007ರ ಅಕ್ಟೋಬರಿನಿಂದ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಹಗಲಿರುಳು ಕೆಲಸ ಮಾಡುತ್ತಿದೆ. ಅದು ಕಾಯುವುದು ಎರಡು ದಿಕ್ಕನ್ನು: ಪೂರ್ವಕ್ಕೆ ಅಂಡಮಾನ್‑ಸುಮಾತ್ರಾ, ಪಶ್ಚಿಮಕ್ಕೆ ಅದೇ ಮಕ್ರಾನ್. 2012ರ ಏಪ್ರಿಲ್ 11ಕ್ಕೆ ಸುಮಾತ್ರಾದಲ್ಲಿ 8.6 ತೀವ್ರತೆಯ ಭೂಕಂಪವಾಗಿ ಬೆಂಗಳೂರಿನ ಕಚೇರಿಗಳಿಂದ ಜನ ರಸ್ತೆಗೆ ಓಡಿ ಬಂದಾಗ, ಕೆಲವೇ ನಿಮಿಷದಲ್ಲಿ ಎಚ್ಚರಿಕೆ ಹೊರಟಿತು. ಆ ಸಲ ಕಡಲತಳ ಮೇಲೆ ಕೆಳಗೆ ಆಗದೆ ಅಡ್ಡಕ್ಕೆ ಜಾರಿದ್ದರಿಂದ ದೊಡ್ಡ ಅಲೆ ಏಳಲಿಲ್ಲ, ಎಚ್ಚರಿಕೆ ಹಿಂದೆಗೆದುಕೊಂಡರು. ‘ಕಂಡ್ರಾ, ಮತ್ತೆ ಸುಳ್ಳ್’ ಅಂದರು ನಮ್ಮವರು. ಸುಳ್ಳಲ್ಲ ಮಾರಾಯ್ರೆ, ಅದು ವ್ಯವಸ್ಥೆ ಕೆಲಸ ಮಾಡಿದ ಲಕ್ಷಣ. ಒಡಿಶಾದ ವೆಂಕಟರಾಯಪುರ, ನೋಲಿಯಾಸಾಹಿ ಎಂಬ ಎರಡು ಊರುಗಳಿಗೆ 2020ರಲ್ಲಿ ಯುನೆಸ್ಕೋದಿಂದ ‘ಸುನಾಮಿಗೆ ಸಿದ್ಧ’ ಅನ್ನುವ ಮಾನ್ಯತೆ ಸಿಕ್ಕಿತು. ಓಡುವ ದಾರಿ ಯಾವುದು, ಸೇರುವ ಜಾಗ ಯಾವುದು ಅಂತ ಅಲ್ಲಿನ ಜನರಿಗೆ ಗೊತ್ತು.

ನಮಗೆ ಗೊತ್ತಾ? ಮರವಂತೆಯಲ್ಲಿ ನಿಂತು ಯೋಚಿಸಿ. ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಲೋಕವೆಲ್ಲ ಬಂದು ಫೋಟೋ ತೆಗೆಯುವ ಆ ಜಾಗದಲ್ಲಿ ಗುಡ್ಡ ಯಾವ ಬದಿಗೆ, ನಡೆದು ಹೋದರೆ ಎಷ್ಟು ಹೊತ್ತು? ಬ್ರಹ್ಮಾವರ ಬದಿಯ ಕೋಡಿ ಬೆಂಗ್ರೆಗೆ ಹೋಗಿ: ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ತುದಿಯಲ್ಲಿ ಅಳಿವೆ. ಗಂಗೊಳ್ಳಿಯೂ ಹಾಗೇ. ಆಲಪ್ಪಾಡಿನ ಅಣ್ಣತಮ್ಮಂದಿರು ಇವೆಲ್ಲ. ಸೇತುವೆ ಎಲ್ಲಿ, ಎರಡಂತಸ್ತಿನ ಗಟ್ಟಿ ಕಟ್ಟಡ ಯಾವುದು, ನಡೆಯಲಾಗದ ಅಜ್ಜಿಯನ್ನು ಯಾರು ಎತ್ತಿಕೊಳ್ಳುತ್ತಾರೆ ಅಂತ ಒಂದು ಆದಿತ್ಯವಾರ ಕೂತು ಮಾತಾಡಿದರೆ ಖರ್ಚೇನೂ ಇಲ್ಲ. ಮಕ್ರಾನಿನಿಂದ ಅಲೆ ಹೊರಟರೆ ನಮಗೆ ಕೆಲವು ಗಂಟೆಗಳ ಸಮಯ ಸಿಗುತ್ತದೆ. ಸಿಮೆಯುಲುವಿನವರಿಗೆ ಸಿಕ್ಕಿದ್ದು ಕೆಲವೇ ನಿಮಿಷ.

ಹಾಗಾಗಿ ಮುಂದಿನ ಸಲ ದೂರದ ಸುದ್ದಿ ಬಂದಾಗ ಮೊದಲ ಪ್ರಶ್ನೆಯನ್ನು ಧಾರಾಳ ಕೇಳಿ. ‘ನಮ್ಮೋರ್ ಯಾರಾರೂ ಅಲ್ಲಿದ್ರಾ?’ ಅದು ನಮ್ಮ ಊರಿನ ಪ್ರೀತಿ, ಬಿಡಬೇಡಿ. ಉತ್ತರ ಏನೇ ಬರಲಿ, ಟಿವಿ ಆಫ್ ಮಾಡುವ ಮೊದಲು ಮನೆಯ ಮಕ್ಕಳನ್ನು ಕೂರಿಸಿಕೊಂಡು ಇನ್ನೊಂದನ್ನೂ ಕೇಳಿ: ‘ಅದ್ ಇಲ್ ಬಂದ್ರೆ, ನಾವ್ ಓಡುದ್ ಎಲ್ಲಿಗೆ?’