ಬೊಮ್ಮನಹಳ್ಳಿ ಭಾಗದ ಶೈಕ್ಷಣಿಕ ಸಂಶೋಧನೆ

ಬೆಂಗಳೂರಿನ ದಕ್ಷಿಣ ಅಂಚಿನ ಬೊಮ್ಮನಹಳ್ಳಿ, ಬಿಳೇಕಹಳ್ಳಿ, ಎಲೆಕ್ಟ್ರಾನಿಕ್ ಸಿಟಿ ಮತ್ತು ಜಿಗಣಿ ಭಾಗದ ಸಂಸ್ಥೆಗಳು ನಡೆಸಿದ ಅಧ್ಯಯನಗಳು. ಜತೆಗೆ, ಇಲ್ಲಿನ ನೆಲ, ಕಟ್ಟಡ, ದಾಖಲೆಗಳ ಮೇಲೆ ಬೆಳಕು ಚೆಲ್ಲುವ ಹೊರಗಿನವರ ಅಧ್ಯಯನಗಳು. ಕಟ್ಟಡ ರಚನೆ, ಲೆಕ್ಕಪತ್ರಗಳ ನೀತಿ, ಡಿಜಿಟಲ್ ಸೇವೆಗಳ ಲಭ್ಯತೆ ಇದರ ಮೂರು ಮುಖ್ಯ ಧಾರೆಗಳು. ಕಂಬ ಭಾರ ಹೊರುತ್ತದೆ, ಖಾತೆ ಸರಿಯಿದೆ, ಪಹಣಿ ನಿಜ ಎಂದು ಸಹಿ ಹಾಕುವವರು ಯಾರು, ಅವರನ್ನು ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆ ಮೂರಕ್ಕೂ ಸಾಮಾನ್ಯ.

ಸಂಸ್ಥೆಗಳು

ನಗರಸಭೆಯಾಗಿದ್ದ ಬೊಮ್ಮನಹಳ್ಳಿ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಬೊಮ್ಮನಹಳ್ಳಿ ವಿಧಾನಸಭಾ ಕ್ಷೇತ್ರದ ಬಿಳೇಕಹಳ್ಳಿಯಲ್ಲಿ 1973ರಲ್ಲಿ ಆರಂಭವಾದ ಭಾರತೀಯ ನಿರ್ವಹಣಾ ಸಂಸ್ಥೆಯ (ಐಐಎಂಬಿ) ಆವರಣವಿದೆ. ಒರಟು ಗ್ರಾನೈಟ್ ಗೋಡೆಗಳ, ಉದ್ದನೆಯ ಮೊಗಸಾಲೆಗಳ ಈ ಆವರಣ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರ ಕೃತಿ. ಹೊಸೂರು ರಸ್ತೆಯ ಆಕ್ಸ್‌ಫರ್ಡ್ ಎಂಜಿನಿಯರಿಂಗ್ ಕಾಲೇಜು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು. 1999ರಲ್ಲಿ ವೈಟ್‌ಫೀಲ್ಡ್‌ನಲ್ಲಿ ಶುರುವಾದ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ (ಐಐಐಟಿ-ಬಿ) ಮುಂದೆ ಎಲೆಕ್ಟ್ರಾನಿಕ್ ಸಿಟಿಗೆ ಬಂತು. 1994ರಲ್ಲಿ ಸ್ಯಾಮ್ಯುಯೆಲ್ ಪಾಲ್ ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ ಬೊಮ್ಮಸಂದ್ರ–ಜಿಗಣಿ ರಸ್ತೆಯಲ್ಲಿದೆ.

ಡಿಜಿಟಲ್ ಲಭ್ಯತೆ

ಮೂರರಲ್ಲಿ ಅತಿ ಹೆಚ್ಚು ವಾಗ್ವಾದ ಕಂಡ ಧಾರೆ ಇದೇ. ಮೂಲದಲ್ಲಿರುವುದು 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ಜಾರಿಗೆ ತಂದ ‘ಭೂಮಿ’ ಯೋಜನೆ. ಅಲ್ಲಿಯವರೆಗೆ ಪಹಣಿಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿ, ಅವರ ವಶದಲ್ಲೇ ಇದ್ದವು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪ್ರತಿ ಸಿಗತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ಕಟ್ಟುಪಾಡನ್ನು ಯಂತ್ರವೇ ಹೇರಿತು.

ಪಬ್ಲಿಕ್ ಅಫೇರ್ಸ್ ಸೆಂಟರ್, ಸೇವೆ ಪಡೆದವರನ್ನೇ ಕೇಳುವ ತನ್ನ ‘ನಾಗರಿಕರ ವರದಿ ಪಟ್ಟಿ’ ವಿಧಾನದಿಂದ ಈ ಕಿಟಕಿಗಳನ್ನು ಅಳೆಯಿತು. ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವೆಂದವರು ಶೇ. 66, ಹೊಸದರಲ್ಲಿ ಶೇ. 3. ಯೋಜನೆಯ ಕೀರ್ತಿ ದೇಶದಾಚೆಗೂ ಹಬ್ಬಲು ಈ ಅಂಕಿಗಳೂ ಕಾರಣ.

2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರ ಅಧ್ಯಯನ ಇದಕ್ಕೆ ಎದುರುವಾದವಾಗಿ ಬಂತು. ದಾಖಲೆ ಹಳ್ಳಿಯಿಂದ ತಾಲ್ಲೂಕಿಗೆ ಏರಿದಾಗ ಅಧಿಕಾರವೂ ಮೇಲಕ್ಕೇರಿತು. ನಗರದಂಚಿನಲ್ಲಿ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವವರಿಗೆ ಅದರಿಂದ ದಾರಿ ಸಲೀಸಾಯಿತು ಎಂಬುದು ಅದರ ವಾದ. ಐಐಎಂಬಿಯ ರಾಹುಲ್ ಡೇ ಕೂಡ ‘ಭೂಮಿ’ಯನ್ನು ಪಾಲುದಾರರ ನಡುವಣ ಹಿತಾಸಕ್ತಿಯ ತಿಕ್ಕಾಟವಾಗಿ ಓದಿದವರು. ಪಬ್ಲಿಕ್ ಅಫೇರ್ಸ್ ಸೆಂಟರ್ ಮತ್ತು ಬೆಂಜಮಿನ್ ತಂಡದ ಎರಡು ನಿಲುವುಗಳಲ್ಲಿ ಒಂದನ್ನೇ ಸರಿಯೆನ್ನಬೇಕಾಗಿಲ್ಲ. ಮೊದಲನೆಯದು ಕಿಟಕಿಯ ಮುಂದೆ ನಿಂತವನನ್ನು ಕೇಳಿತು, ಎರಡನೆಯದು ಜಮೀನು ಯಾರ ಕೈ ಸೇರಿತೆಂದು ನೋಡಿತು. ಕಾಲು ಶತಮಾನದಲ್ಲಿ ರಾಗಿ ಹೊಲಗಳು ಅಪಾರ್ಟ್‌ಮೆಂಟುಗಳಾದ ಈ ಭಾಗದಲ್ಲಿ ಎರಡನೆಯ ಪ್ರಶ್ನೆಯೇ ಹೆಚ್ಚು ತೂಕದ್ದು.

ಭೂದಾಖಲೆಯಾಚೆಗೂ ಈ ಧಾರೆಯ ಕೆಲಸ ನಡೆದಿದೆ. ಐಐಐಟಿ-ಬಿಯಲ್ಲಿ 2018ರಲ್ಲಿ ಆರಂಭವಾದ ‘ಮೋಸಿಪ್’ ಮುಕ್ತ ತಂತ್ರಾಂಶವನ್ನು ಗುರುತಿನ ವ್ಯವಸ್ಥೆಗಾಗಿ ಫಿಲಿಪೀನ್ಸ್, ಮೊರಾಕೊ ದೇಶಗಳು ಆರಿಸಿಕೊಂಡವು. ದೃಷ್ಟಿದೋಷವುಳ್ಳ ಕನ್ನಡ ಓದುಗರಿಗೆ ಹತ್ತಿರದ ಕೆಲಸವೆಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ತಂಡ ರೂಪಿಸಿದ ಅಕ್ಷರ ಗುರುತಿಸುವ ತಂತ್ರಾಂಶ ‘ಲಿಪಿ ಜ್ಞಾನಿ’.

ಲೆಕ್ಕಪತ್ರ ನೀತಿ

2003ರಲ್ಲಿ ಷೇರುಪೇಟೆ ನಿಯಂತ್ರಕ ಸೆಬಿಗೆ ಕಂಪನಿ ಆಡಳಿತದ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು ಇನ್ಫೋಸಿಸ್‌ನ ಎನ್.ಆರ್. ನಾರಾಯಣಮೂರ್ತಿ. ಆರು ವರ್ಷದ ಬಳಿಕ, 2009ರ ಜನವರಿ 7ರಂದು, ಹೈದರಾಬಾದಿನ ಸತ್ಯಂ ಕಂಪನಿ ಬ್ಯಾಂಕಿನಲ್ಲಿದೆ ಎಂದು ತೋರಿಸಿದ್ದ 5,040 ಕೋಟಿ ರೂಪಾಯಿ ಇರಲೇ ಇಲ್ಲವೆಂದು ಅದರ ಅಧ್ಯಕ್ಷರೇ ಒಪ್ಪಿಕೊಂಡರು. ಬ್ಯಾಂಕಿನ ಬಾಕಿ ನೇರವಾಗಿ ವಿಚಾರಿಸಿ ತಿಳಿಯಬಹುದಾದ ವಿಷಯ. ಹಾಗಾಗಿ ಚರ್ಚೆ ಲೆಕ್ಕಪರಿಶೋಧಕರ ಸ್ವಾತಂತ್ರ್ಯದತ್ತ ತಿರುಗಿತು.

2013ರ ಕಂಪನಿ ಕಾಯ್ದೆ ಪರಿಶೋಧನಾ ಸಂಸ್ಥೆಯೊಂದು ಅದೇ ಕಂಪನಿಯಲ್ಲಿ ಸತತವಾಗಿ ಮುಂದುವರಿಯಲು 10 ವರ್ಷದ ಮಿತಿ ಹಾಕಿತು. ಅದರ 132ನೇ ಸೆಕ್ಷನ್‌ನಡಿ 2018ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ ಸ್ಥಾಪನೆಯಾಯಿತು. ಅದರ ತಾಂತ್ರಿಕ ಸಲಹಾ ಸಮಿತಿಯ ನೇತೃತ್ವ ವಹಿಸಿದ್ದ ಆರ್. ನಾರಾಯಣಸ್ವಾಮಿ ಐಐಎಂಬಿಯ ಲೆಕ್ಕಶಾಸ್ತ್ರ ಪ್ರಾಧ್ಯಾಪಕರಾಗಿದ್ದವರು. ಕರ್ನಾಟಕದ ಕಣ್ಣೆದುರಿನ ಪ್ರಕರಣ ಕಾಫಿ ಡೇ: ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಸ್ಥಾಪಕರ ಕುಟುಂಬದ ಸಂಸ್ಥೆಗೆ ಹೋಗಿತ್ತೆಂದು ಹೇಳಿ ಸೆಬಿ 2023ರ ಜನವರಿಯಲ್ಲಿ 26 ಕೋಟಿ ದಂಡದ ಆದೇಶ ಹೊರಡಿಸಿತು.

ಷೇರುದಾರರ ಹಣಕ್ಕಷ್ಟೇ ಈ ನೀತಿಯನ್ನು ಸೀಮಿತಗೊಳಿಸುವುದು ಬೊಮ್ಮನಹಳ್ಳಿಗೆ ಒಪ್ಪುವುದಿಲ್ಲ; ಕಾರ್ಮಿಕರ ಉಳಿತಾಯವೂ ಅದರ ವ್ಯಾಪ್ತಿಗೆ ಬರುತ್ತದೆ. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ 2016ರ ಏಪ್ರಿಲ್ 18ರಂದು ಇಲ್ಲಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದರು. ಮರುದಿನವೇ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು.

ಕಟ್ಟಡ ರಚನೆ

ಬೆಂಗಳೂರು ಭೂಕಂಪ ನಿರೋಧಕ ವಿನ್ಯಾಸದ ಮಾನದಂಡ ಐಎಸ್ 1893ರ 2016ರ ಆವೃತ್ತಿಯಲ್ಲಿ ಭೂಕಂಪದ 2ನೇ ವಲಯದಲ್ಲಿದೆ, ಅಂದರೆ ಕಡಿಮೆ ಅಪಾಯದ ವಲಯ. ಆದರೆ ವಿಜ್ಞಾನ ಸಂಸ್ಥೆಯ ಟಿ.ಜಿ. ಸೀತಾರಾಂ ಮತ್ತು ಪಿ. ಅನ್ಬಳಗನ್ ನಡೆಸಿದ ಸೂಕ್ಷ್ಮ ವಲಯೀಕರಣದಲ್ಲಿ ನಗರದ ಬಹುಪಾಲು ಮಣ್ಣು ಗಟ್ಟಿ ಬಂಡೆಯ ವರ್ಗಕ್ಕೆ ಸೇರದೆ, ಕಂಪನವನ್ನು ಹಿಗ್ಗಿಸಬಲ್ಲ ‘ಡಿ’ ವರ್ಗಕ್ಕೆ ಬಿತ್ತು. ನೆಲಮಹಡಿಯನ್ನು ಪಾರ್ಕಿಂಗ್‌ಗೆ ಬರಿದಾಗಿಸಿ ಮೇಲೆ ಪೀಜಿ ಕೋಣೆಗಳನ್ನು ಪೇರಿಸುವ ಇಕ್ಕಟ್ಟು ಸೈಟುಗಳ ಬಡಾವಣೆಗೆ ಇದು ಮುಖ್ಯ ಸಂಗತಿ.

ಇನ್ನೊಂದು ಸಮಸ್ಯೆ ಮರಳು. ನದಿ ಮರಳು ದುರ್ಲಭವಾದಾಗ ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ಎಷ್ಟು ಯೋಗ್ಯವೆಂದು ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ರಾಜ್ಯದ ಗಣಿ ಇಲಾಖೆಗಾಗಿ ಪರೀಕ್ಷಿಸಿದರು. ಕಾಂಕ್ರೀಟಿನ ಜಲ್ಲಿ, ಮರಳಿನ ಮಾನದಂಡವಾದ 2016ರ ಐಎಸ್ 383 ಅದಕ್ಕೆ ಅಧಿಕೃತ ಸ್ಥಾನ ಕೊಟ್ಟಿತು. ಹೊಸೂರು ರಸ್ತೆಯಲ್ಲಿ 2010ರಲ್ಲಿ ತೆರೆದ ಸುಮಾರು 10 ಕಿ.ಮೀ. ಮೇಲ್ಸೇತುವೆ, 2025ರ ಆಗಸ್ಟ್ 10ರಂದು ಉದ್ಘಾಟನೆಯಾದ 19.15 ಕಿ.ಮೀ. ಮೆಟ್ರೊ ಹಳದಿ ಮಾರ್ಗ ಇಲ್ಲಿನ ಸಿವಿಲ್ ವಿದ್ಯಾರ್ಥಿಗಳ ಮನೆಬಾಗಿಲಿನ ಪಾಠಗಳು.

ಪ್ರಕಟಣೆಯ ಗುಣಮಟ್ಟ

ಈ ಮೂರು ವಿಷಯಗಳ ಪ್ರಬಂಧಗಳು ಒಂದೇ ಸಂಪುಟದಲ್ಲಿ ಕಂಡರೆ ಅದನ್ನು ಬಹುಶಿಸ್ತೀಯ ಚಿಂತನೆಯೆಂದು ಕೂಡಲೇ ನಂಬಬೇಕಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2010ರ ನಿಯಮಗಳು ಅಧ್ಯಾಪಕರ ಬಡ್ತಿಯನ್ನು ಪ್ರಬಂಧದ ಅಂಕಗಳಿಗೆ ಜೋಡಿಸಿದ ಮೇಲೆ, ಹಣ ಪಡೆದು ಏನನ್ನೂ ಅಚ್ಚು ಹಾಕುವ ನಿಯತಕಾಲಿಕಗಳು ದೇಶದಲ್ಲೆಲ್ಲ ಹುಟ್ಟಿಕೊಂಡವು. 2018ರ ಕೃತಿಚೌರ್ಯ ನಿಯಮಗಳು, ಒಪ್ಪಿತ ನಿಯತಕಾಲಿಕಗಳ 2019ರ ‘ಕೇರ್’ ಪಟ್ಟಿ ಅವಕ್ಕೆ ಕಡಿವಾಣ ಹಾಕಲು ಹೊರಟವು. 2025ರ ಫೆಬ್ರುವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟು, ನಿಯತಕಾಲಿಕಗಳ ಯೋಗ್ಯತೆ ಅಳೆಯುವ ಹೊಣೆಯನ್ನು ಆಯಾ ಶಿಕ್ಷಣ ಸಂಸ್ಥೆಗಳಿಗೆ ಬಿಟ್ಟಿದೆ.