ಅಲ್‌ಜಬ್ರ್: ಮುರಿದುದನ್ನು ಕೂಡಿಸುವ ವಿದ್ಯೆ

ನಮ್ಮ ಬಳಿ ಸಂಜೆಯ ಮದ್ರಸಕ್ಕೆ ಬರುವ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಒಂದು ದಿನ ತನ್ನ ಗಣಿತ ಪುಸ್ತಕವನ್ನು ತೆರೆದು, “ಉಸ್ತಾದ್, ಈ ವರ್ಗ ಸಮೀಕರಣ ದೀನಿಗೂ ಬೇಡ, ದುನಿಯಾಕ್ಕೂ ಬೇಡ. ಮತ್ತೇಕೆ ಕಲಿಯಬೇಕು?” ಎಂದು ಕೇಳಿದನು. ಸೂತ್ರವು ಅವನಿಗೆ ಬಾಯಿಪಾಠವಾಗಿತ್ತು. ಲೆಕ್ಕವನ್ನೂ ತಪ್ಪಿಲ್ಲದೆ ಮಾಡುತ್ತಿದ್ದನು. ಆದರೆ ‘ವರ್ಗವನ್ನು ಪೂರ್ಣಗೊಳಿಸುವುದು’ ಎಂದರೆ ಏನನ್ನು ಪೂರ್ಣಗೊಳಿಸುವುದು ಎಂಬುದು ಅವನಿಗೆ ತಿಳಿದಿರಲಿಲ್ಲ. ಅವನ ಪ್ರಶ್ನೆಗೆ ಉತ್ತರವನ್ನು ಅರಸುತ್ತಾ ನಾವು ಸುಮಾರು 1200 ವರ್ಷಗಳ ಹಿಂದಿನ ಬಗ್ದಾದಿಗೆ ಹೋಗಬೇಕಾಗುತ್ತದೆ.

ಅದು ಅಬ್ಬಾಸೀ ಖಲೀಫಾ ಮಾಮೂನರ ಆಡಳಿತದ ಕಾಲ (813–833). ಗ್ರೀಕ್, ಪಾರಸಿ ಮತ್ತು ಭಾರತೀಯ ಜ್ಞಾನವು ಅರಬೀ ಭಾಷೆಗೆ ಹರಿದುಬರುತ್ತಿದ್ದ ದಿನಗಳವು. ಬಗ್ದಾದಿನ ಬೈತುಲ್ ಹಿಕ್ಮದಲ್ಲಿದ್ದ ವಿದ್ವಾಂಸರಲ್ಲಿ ಮುಹಮ್ಮದ್ ಬಿನ್ ಮೂಸಾ ಅಲ್ ಖ್ವಾರಿಝ್ಮಿ ಒಬ್ಬರು. ಮಧ್ಯ ಏಷ್ಯಾದ ಖ್ವಾರಿಝ್ಮ್ ಪ್ರದೇಶದಿಂದ ಅವರಿಗೆ ಆ ಹೆಸರು ಬಂದಿದೆ. ಅವರು ಸುಮಾರು 820ರಲ್ಲಿ ‘ಅಲ್‌ಜಬ್ರ್ ವಲ್ ಮುಕಾಬಲ’ದ ಲೆಕ್ಕವನ್ನು ಕುರಿತು ಒಂದು ಸಂಕ್ಷಿಪ್ತ ಗ್ರಂಥವನ್ನು ರಚಿಸಿದರು. ಅಲ್ಲಾಹನ ಸ್ತುತಿಯೊಂದಿಗೆ ಆರಂಭವಾಗುವ ಆ ಗ್ರಂಥದ ಮುನ್ನುಡಿಯಲ್ಲಿ ಅದರ ಉದ್ದೇಶವನ್ನೂ ಅವರು ತಿಳಿಸಿದ್ದಾರೆ. ವಾರಸು ಹಂಚಿಕೆ, ವಸಿಯ್ಯತ್, ವ್ಯಾಜ್ಯ, ವ್ಯಾಪಾರ, ಭೂಮಿಯ ಅಳತೆ, ಕಾಲುವೆ ತೋಡುವುದು ಇಂತಹ ಕಾರ್ಯಗಳಲ್ಲಿ ಜನರಿಗೆ ನಿತ್ಯವೂ ಬೇಕಾಗುವ ಲೆಕ್ಕವನ್ನು ಸುಲಭಗೊಳಿಸುವುದೇ ಆ ಉದ್ದೇಶ.

‘ಜಬ್ರ್’ ಎಂಬ ಅರಬೀ ಪದಕ್ಕೆ ಮುರಿದ ಎಲುಬನ್ನು ಕೂಡಿಸುವುದು ಎಂಬ ಅರ್ಥವಿದೆ. ಸಮೀಕರಣದ ಒಂದು ಬದಿಯಲ್ಲಿ ಏನಾದರೂ ಕಳೆದುಹೋಗಿ ಕೊರತೆ ಉಂಟಾಗಿದ್ದರೆ, ಆ ಕೊರತೆಯನ್ನು ತುಂಬಿ, ಇನ್ನೊಂದು ಬದಿಗೂ ಅಷ್ಟನ್ನೇ ಸೇರಿಸುವುದು ಜಬ್ರ್. ಎರಡೂ ಬದಿಗಳಲ್ಲಿರುವ ಒಂದೇ ಜಾತಿಯ ಪದಗಳನ್ನು ಎದುರುಬದುರಾಗಿ ಇಟ್ಟು ಸಮವಾದುದನ್ನು ತೆಗೆದುಹಾಕುವುದು ಮುಕಾಬಲ. ಅಜ್ಞಾತ ಸಂಖ್ಯೆಯನ್ನು ಅವರು ‘ಜಿದ್ರ್’ ಅಂದರೆ ಬೇರು ಎಂದೂ, ಅದರ ವರ್ಗವನ್ನು ‘ಮಾಲ್’ ಅಂದರೆ ಸಂಪತ್ತು ಎಂದೂ ಕರೆದರು. ಇಂದಿನ ಚಿಹ್ನೆಗಳೊಂದೂ ಆ ಗ್ರಂಥದಲ್ಲಿ ಇಲ್ಲ. ಎಲ್ಲವನ್ನೂ ಮಾತಿನಲ್ಲಿಯೇ ವಿವರಿಸಲಾಗಿದೆ.

ಅವರ ಪ್ರಸಿದ್ಧ ಉದಾಹರಣೆಯೊಂದನ್ನು ನೋಡೋಣ. ಒಂದು ವರ್ಗ ಮತ್ತು ಅದರ ಹತ್ತು ಮೂಲಗಳನ್ನು ಕೂಡಿಸಿದರೆ 39 ಆಗುತ್ತದೆ. ಆ ವರ್ಗ ಯಾವುದು? ಒಂದು ಚೌಕಾಕಾರದ ಹೊಲವನ್ನು ಕಲ್ಪಿಸಿಕೊಳ್ಳಿರಿ. ಅದರ ಬದಿಯ ಅಳತೆ ನಮಗೆ ತಿಳಿಯದು. ಹತ್ತನ್ನು ಅರ್ಧ ಮಾಡಿ, ಹೊಲದ ಎರಡು ಪಕ್ಕಗಳಿಗೆ 5 ಅಳತೆ ಅಗಲದ ಒಂದೊಂದು ಪಟ್ಟಿಯನ್ನು ಜೋಡಿಸಿರಿ. ಈಗ ಒಟ್ಟು ವಿಸ್ತೀರ್ಣ 39. ಆದರೆ ಒಂದು ಮೂಲೆ ಖಾಲಿ ಉಳಿದಿದೆ. ಅದರ ಉದ್ದ 5, ಅಗಲ 5, ವಿಸ್ತೀರ್ಣ 25. ಆ ಮೂಲೆಯನ್ನು ತುಂಬಿದೊಡನೆ 64 ವಿಸ್ತೀರ್ಣದ ಪೂರ್ಣ ಚೌಕ ಸಿದ್ಧವಾಗುತ್ತದೆ. ಅದರ ಬದಿ 8. ಅದರಿಂದ 5ನ್ನು ಕಳೆದರೆ ಉಳಿಯುವುದು 3. ಆದುದರಿಂದ ಕೇಳಿದ ವರ್ಗ 9. ಇಂದಿನ ಪಠ್ಯಪುಸ್ತಕದ ಕ್ರಮದಲ್ಲಿ ಋಣ 13 ಎಂಬ ಇನ್ನೊಂದು ಉತ್ತರವೂ ದೊರೆಯುತ್ತದೆ. ಹೊಲದ ಬದಿ ಋಣವಾಗಿರಲು ಸಾಧ್ಯವಿಲ್ಲವಾದ್ದರಿಂದ ಖ್ವಾರಿಝ್ಮಿ ಅದನ್ನು ಪರಿಗಣಿಸಲಿಲ್ಲ.

ಇದನ್ನು ನಾವು ಕಪ್ಪುಹಲಗೆಯ ಮೇಲೆ ಬಿಡಿಸಿದಾಗ ಆ ವಿದ್ಯಾರ್ಥಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪೂರ್ಣಗೊಳಿಸುವುದು ಈ ಮೂಲೆಯನ್ನೇ?” ಎಂದನು. ವರ್ಷವಿಡೀ ಅಕ್ಷರಗಳಾಗಿದ್ದ ಲೆಕ್ಕವು ಅವನ ಕಣ್ಣಿಗೆ ಆಗ ನೆಲವಾಗಿ ಕಂಡಿತು.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಬೀಜಗಣಿತವನ್ನೆಲ್ಲ ಮುಸ್ಲಿಮರೇ ಶೂನ್ಯದಿಂದ ಸೃಷ್ಟಿಸಿದರು ಎಂದು ನಮ್ಮಲ್ಲಿ ಕೆಲವರು ಭಾಷಣ ಮಾಡುವುದುಂಟು. ಅದು ಸರಿಯಲ್ಲ. ಖ್ವಾರಿಝ್ಮಿಗಿಂತ ಬಹಳ ಹಿಂದೆಯೇ ಬಾಬಿಲೋನಿನ ಜನರು ಇಂತಹ ಸಮಸ್ಯೆಗಳನ್ನು ಬಿಡಿಸಿದ್ದರು. 628ರಲ್ಲಿ ಬ್ರಹ್ಮಗುಪ್ತರು ವರ್ಗ ಸಮೀಕರಣಕ್ಕೆ ನಿಯಮವನ್ನು ನೀಡಿದ್ದರು. ಭಾರತದ ಅಂಕಿಗಳ ಬಗ್ಗೆ ಸ್ವತಃ ಖ್ವಾರಿಝ್ಮಿಯೇ ಪುಸ್ತಕ ಬರೆದು, ಅವು ಭಾರತೀಯರವು ಎಂದು ಒಪ್ಪಿಕೊಂಡರು. ಅವರ ಕಾಲಕ್ಕೆ ಹತ್ತಿರದಲ್ಲಿಯೇ, ನಮ್ಮ ಕನ್ನಡ ನಾಡಿನ ರಾಷ್ಟ್ರಕೂಟ ದೊರೆ ಅಮೋಘವರ್ಷನ ಆಶ್ರಯದಲ್ಲಿ ಜೈನ ವಿದ್ವಾಂಸ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿ, ವರ್ಗ ಸಮೀಕರಣಗಳನ್ನು ಬಿಡಿಸಿದ್ದರು. ಚದುರಿದ್ದ ಈ ಲೆಕ್ಕಗಳನ್ನು ಆರು ಬಗೆಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ನಿಯಮವನ್ನು ಕೊಟ್ಟು, ಅದು ಏಕೆ ಸರಿ ಎಂಬುದನ್ನು ಚಿತ್ರಗಳಿಂದ ತೋರಿಸಿ, ಒಂದು ಸ್ವತಂತ್ರ ಶಾಸ್ತ್ರವನ್ನಾಗಿ ಮಾಡಿದುದು ಖ್ವಾರಿಝ್ಮಿಯ ಹಿರಿಮೆ. 1145ರಲ್ಲಿ ಸ್ಪೇನಿನಲ್ಲಿ ಆ ಗ್ರಂಥವು ಲ್ಯಾಟಿನ್ ಭಾಷೆಗೆ ಅನುವಾದಗೊಂಡಿತು. ‘ಅಲ್‌ಜಬ್ರ್’ ಯುರೋಪಿನಲ್ಲಿ ‘ಆಲ್ಜೀಬ್ರಾ’ ಆಯಿತು. ಅವರ ಹೆಸರೇ ರೂಪಾಂತರಗೊಂಡು, ಇಂದಿನ ಕಂಪ್ಯೂಟರ್ ಲೋಕದ ‘ಅಲ್ಗಾರಿದಮ್’ ಎಂಬ ಪದವಾಯಿತು.

ಇನ್ನು ಆ ವಿದ್ಯಾರ್ಥಿಯ ಪ್ರಶ್ನೆಯ ಉಳಿದರ್ಧ: ಇದು ದೀನಿಗೆ ಏಕೆ ಬೇಕು? ಗ್ರಂಥದ ಒಂದು ದೊಡ್ಡ ಭಾಗವು ವಸಿಯ್ಯತ್ ಮತ್ತು ವಾರಸಿನ ಲೆಕ್ಕಗಳಿಗೇ ಮೀಸಲಾಗಿದೆ. ಅಲ್ಲಿನ ಸಮಸ್ಯೆಯೊಂದು ಹೀಗಿದೆ. ಒಬ್ಬ ಸ್ತ್ರೀಯು ಪತಿ, ಒಬ್ಬ ಮಗ ಮತ್ತು ಮೂವರು ಹೆಣ್ಣುಮಕ್ಕಳನ್ನು ಬಿಟ್ಟು ಮೃತಪಟ್ಟಿದ್ದಾಳೆ. ತನ್ನ ಸೊತ್ತಿನ ಎಂಟನೆಯ ಒಂದಂಶ ಮತ್ತು ಏಳನೆಯ ಒಂದಂಶವನ್ನು ಅನ್ಯನೊಬ್ಬನಿಗೆ ವಸಿಯ್ಯತ್ ಮಾಡಿದ್ದಾಳೆ. ಸೊತ್ತನ್ನು 1120 ಪಾಲುಗಳೆಂದು ಎಣಿಸಿದರೆ, 300 ಪಾಲುಗಳು ವಸಿಯ್ಯತ್‌ಗೆ ಸಲ್ಲುತ್ತವೆ. ಉಳಿದ 820ರಲ್ಲಿ ಕಾಲಂಶವಾದ 205 ಪತಿಗೆ, 246 ಮಗನಿಗೆ, ತಲಾ 123 ಪ್ರತಿ ಮಗಳಿಗೆ. ಈ ಲೆಕ್ಕಕ್ಕೆ ವರ್ಗ ಸಮೀಕರಣ ಬೇಕಿಲ್ಲ. ಆದರೆ ಇದರ ಹಿಂದೆ ಇರುವುದೂ ಅದೇ ಮನಸ್ಸು: ಅಜ್ಞಾತವಾದುದನ್ನು ಕಂಡುಹಿಡಿ, ಕೊರತೆಯನ್ನು ತುಂಬು, ಯಾರ ಪಾಲನ್ನೂ ಬಿಡಬೇಡ.

ಓದುಗ ಬಂಧುಗಳೇ, ಈಗ ನಮ್ಮ ಮನೆಗಳತ್ತ ನೋಡಿಕೊಳ್ಳೋಣ. 123 ಪಾಲುಗಳ ತನಕ ಎಣಿಸಿ ಮಗಳ ಹಕ್ಕನ್ನು ಗೊತ್ತುಪಡಿಸಿದ ಪರಂಪರೆಯ ವಾರಸುದಾರರು ನಾವು. ಆದರೆ ತಂದೆ ತೀರಿಕೊಂಡು ವರ್ಷಗಳು ಕಳೆದರೂ ಸೊತ್ತು ಹಂಚಿಕೆಯಾಗದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! “ಮದುವೆಯಲ್ಲಿ ಕೊಟ್ಟಾಯಿತಲ್ಲ” ಎಂದು ಹೇಳಿ ಸಹೋದರಿಯ ಸಹಿ ಪಡೆಯುವವರಿಲ್ಲವೇ? ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಮೌನವಾಗಿ ಸಹಿ ಹಾಕುವ ಸಹೋದರಿಯರಿಲ್ಲವೇ? ಮದುವೆಯ ಖರ್ಚು ವಾರಸಿನ ಪಾಲಲ್ಲ. ಹೆತ್ತವರು ಬಿಟ್ಟುಹೋದುದು ಅಲ್ಪವಾಗಿರಲಿ, ಅಧಿಕವಾಗಿರಲಿ, ಅದರಲ್ಲಿ ಪುರುಷರಂತೆ ಸ್ತ್ರೀಯರಿಗೂ ನಿಶ್ಚಿತ ಪಾಲಿದೆಯೆಂದು ಸೂರಃ ಅನ್ನಿಸಾ ಸಾರಿದೆ. ಆ ಪಾಲುಗಳನ್ನು ಅಲ್ಲಾಹನು ತನ್ನ ಮೇರೆಗಳೆಂದು ಕರೆದು, ಅವುಗಳನ್ನು ಮೀರುವವರಿಗೆ ಕಠಿಣ ಎಚ್ಚರಿಕೆಯನ್ನೂ ನೀಡಿದ್ದಾನೆ.

ಖ್ವಾರಿಝ್ಮಿಯ ಹೆಸರನ್ನು ವೇದಿಕೆಗಳಲ್ಲಿ ಕೊಂಡಾಡುವುದು ಸುಲಭ. ನಮ್ಮ ಗಂಡುಮಕ್ಕಳು, ಹೆಣ್ಣುಮಕ್ಕಳು ಗಣಿತಕ್ಕೆ ಹೆದರದೆ ಕಲಿಯುವಂತೆ ಮಾಡುವುದು, ಆ ಲೆಕ್ಕದಂತೆ ಹಕ್ಕುದಾರರಿಗೆ ಹಕ್ಕನ್ನು ತಲುಪಿಸುವುದು ಕಷ್ಟದ ಕೆಲಸ. ಖಾಲಿ ಉಳಿದ ಒಂದು ಮೂಲೆಯನ್ನು ತುಂಬದೆ ಚೌಕ ಪೂರ್ಣವಾಗದು. ಸಹೋದರಿಯ ಪಾಲನ್ನು ಕೊಡದ ಮನೆಯೂ ಹಾಗೆಯೇ.

ಪ್ರಯೋಜನಕಾರಿ ಜ್ಞಾನವನ್ನೂ ಅದರಂತೆ ನಡೆಯುವ ಸಾಮರ್ಥ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.